ದೊಡ್ಡ ಪುಸ್ತಕಕ್ಕೆ ಒಂದು ಮಳೆಗಾಲ

ಕನ್ನಡದ ಅನೇಕ ಮನೆಗಳ ಕಪಾಟಿನಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಇದೆ. ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದೋ, ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ರಿಯಾಯಿತಿ ದರದಲ್ಲಿ ಕೊಂಡದ್ದೋ ಆಗಿರುತ್ತದೆ. ಮೊದಲ ಐವತ್ತು ಪುಟಗಳ ನಡುವೆ ಎಲ್ಲೋ ಗುರುತಿಗೆಂದು ಇಟ್ಟ ಬಸ್ ಟಿಕೆಟ್ ಹಾಗೆಯೇ ಉಳಿದಿರುತ್ತದೆ. ಬಿಡುವಾದಾಗ ಓದೋಣ ಎಂದುಕೊಳ್ಳುತ್ತೇವೆ. ಬಿಡುವು ಮಾತ್ರ ಆಗುವುದಿಲ್ಲ.

ಇದಕ್ಕೆ ಓದುಗರ ಸೋಮಾರಿತನವೊಂದೇ ಕಾರಣವೆಂದು ಹೇಳುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ದೊಡ್ಡ ಪುಸ್ತಕವನ್ನು ಓದುವ ಬಗೆಯನ್ನೇ ನಾವು ಮರೆತಿದ್ದೇವೆ. ಒಬ್ಬರೇ ಕುಳಿತು, ಒಂದೇ ಉಸಿರಿನಲ್ಲಿ ಓದಿ ಮುಗಿಸಬೇಕಾದ ವಸ್ತು ಅದೆಂದು ಭಾವಿಸಿ ಹೆದರುತ್ತೇವೆ. ನಮ್ಮ ಹಿರಿಯರು ದೊಡ್ಡ ಗ್ರಂಥಗಳನ್ನು ಹಾಗೆ ಓದಲೇ ಇಲ್ಲ.

ಜಗಲಿಯ ಮೇಲಿನ ಓದು

ಕುಮಾರವ್ಯಾಸನ 'ಕರ್ಣಾಟ ಭಾರತ ಕಥಾಮಂಜರಿ'ಯನ್ನೇ ತೆಗೆದುಕೊಳ್ಳಿ. ಹದಿನೈದನೆಯ ಶತಮಾನದ ಈ ಕಾವ್ಯದಲ್ಲಿ ಹತ್ತು ಪರ್ವಗಳಿವೆ. ಭಾಮಿನಿ ಷಟ್ಪದಿಯ ಪದ್ಯಗಳು ಎಂಟು ಸಾವಿರಕ್ಕೂ ಹೆಚ್ಚು. ಇಷ್ಟು ದೊಡ್ಡ ಕಾವ್ಯ ಶತಮಾನಗಳ ಕಾಲ ಹಳ್ಳಿಹಳ್ಳಿಗಳಲ್ಲಿ ಬದುಕಿತು. ಅದನ್ನು ಕೇಳಿದವರಲ್ಲಿ ಬಹುಪಾಲು ಜನರಿಗೆ ಅಕ್ಷರ ಬರುತ್ತಿರಲಿಲ್ಲ.

ಅದು ಸಾಧ್ಯವಾದದ್ದು ಗಮಕದಿಂದ. ಒಬ್ಬರು ರಾಗವಾಗಿ ಪದ್ಯವನ್ನು ವಾಚಿಸುವರು, ಮತ್ತೊಬ್ಬರು ಅರ್ಥವನ್ನು ವಿವರಿಸುವರು. ಸಂಜೆ ಊಟ ಮುಗಿಸಿದ ಜನ ದೇವಸ್ಥಾನದಲ್ಲೋ ಜಗಲಿಯ ಮೇಲೋ ಸೇರುವರು. ಒಂದು ರಾತ್ರಿಗೆ ಒಂದು ಸಂಧಿಯಾದರೂ ಆಯಿತು, ಅರ್ಧವಾದರೂ ಆಯಿತು. ಮಳೆ ಹಿಡಿದು ಹೊರಗಿನ ಕೆಲಸ ನಿಂತ ದಿನಗಳಲ್ಲಿ ವಾಚನ ವಾರಗಟ್ಟಲೆ ನಡೆಯುತ್ತಿತ್ತು. ಮಳೆ ಬಾರದಿದ್ದರೂ ಓದುವುದಕ್ಕೆ ಕಾರಣವಿತ್ತು. ವಿರಾಟಪರ್ವವನ್ನು ಓದಿಸಿದರೆ ಮಳೆಯಾಗುತ್ತದೆ ಎಂಬ ನಂಬಿಕೆ ಇಂದಿಗೂ ಅಳಿದಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗ್ರಂಥ ದೊಡ್ಡದಾಗಿದ್ದುದು ಕೇಳುಗರಿಗೆ ತೊಂದರೆಯಾಗಿರಲಿಲ್ಲ. ಅದೇ ಅನುಕೂಲವಾಗಿತ್ತು. ನಾಳೆಯೂ ಕಥೆ ಇದೆ ಎಂಬ ಭರವಸೆ ಅದರಲ್ಲಿತ್ತು. ಹಗಲು ಗದ್ದೆಯಲ್ಲಿ ಕೆಲಸ ಮಾಡುವಾಗ ಹಿಂದಿನ ರಾತ್ರಿ ಕೇಳಿದ ಕರ್ಣನ ಮಾತು ಮನಸ್ಸಿನಲ್ಲಿ ಆಡುತ್ತಿತ್ತು. ಶಿವಮೊಗ್ಗದ ಬಳಿಯ ಹೊಸಹಳ್ಳಿಯಂತಹ ಊರುಗಳು ಈ ಕಲೆಯನ್ನು ನಮ್ಮ ಕಾಲದವರೆಗೂ ಉಳಿಸಿಕೊಂಡು ಬಂದಿವೆ. ಆ ಊರಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ತಿಂಗಳಿಗೊಂದು ಕಂತು

ಮುದ್ರಣ ಬಂದ ಮೇಲೂ ಈ ಬಗೆಯ ಓದು ಕೂಡಲೇ ಬದಲಾಗಲಿಲ್ಲ. ಮೈಸೂರು ಸೀಮೆಯಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು ಓದುಗರನ್ನು ಬೆಳೆಸಿದರೆ, ಉತ್ತರದಲ್ಲಿ ಆ ಕೆಲಸ ಮಾಡಿದವರು ಗಳಗನಾಥರು. ಈಗಿನ ಹಾವೇರಿ ಜಿಲ್ಲೆಯ ಅಗಡಿಯಿಂದ 1907ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯ ಮೂಲಕ ಅವರ ಕಥನಗಳು ಕಂತುಕಂತಾಗಿ ಜನರನ್ನು ಮುಟ್ಟಿದವು. ಓದುಗರು ಮುಂದಿನ ಸಂಚಿಕೆಗಾಗಿ ಕಾದರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಲೇಖಕರೆಂದು ಗಳಗನಾಥರನ್ನು ಇಂದಿಗೂ ನೆನೆಯುತ್ತೇವೆ. ವಿಜಯನಗರ ಸ್ಥಾಪನೆಯ ಕಥೆ ಹೇಳುವ 'ಮಾಧವ ಕರುಣಾವಿಲಾಸ'ದಂತಹ ದೊಡ್ಡ ಕಾದಂಬರಿಗೂ ಓದುಗರು ದೊರೆತದ್ದು ಈ ಶ್ರಮದಿಂದ.

ಹೊರದೇಶಗಳಲ್ಲಿಯೂ ಹೀಗೆಯೇ ನಡೆಯಿತು. ಇಂಗ್ಲೆಂಡಿನಲ್ಲಿ ಡಿಕನ್ಸ್ 1836ರಿಂದ ತನ್ನ ಮೊದಲ ಕಾದಂಬರಿಯನ್ನು ತಿಂಗಳ ಕಂತುಗಳಲ್ಲಿ ಕೊಟ್ಟ. ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ'ಯ ಮೊದಲ ಭಾಗಗಳು 1865ರಿಂದ ಒಂದು ರಷ್ಯನ್ ಪತ್ರಿಕೆಯಲ್ಲಿ ಬಂದವು. ಇಡೀ ಕೃತಿ ಪೂರ್ಣಗೊಂಡು ಪ್ರಕಟವಾದದ್ದು 1869ರಲ್ಲಿ. ಇಂದು ನಾವು ಬೆಟ್ಟದಂತೆ ನೋಡಿ ಬೆದರುವ ಈ ಪುಸ್ತಕವನ್ನು ಅದರ ಮೊದಲ ಓದುಗರು ಮೆಟ್ಟಿಲು ಮೆಟ್ಟಿಲಾಗಿ ಹತ್ತಿದರು. ದೇ. ಜವರೇಗೌಡರ ಅನುವಾದದಿಂದ ಅದು ಕನ್ನಡದಲ್ಲೂ ದೊರೆತಿದೆ.

ಉದ್ದವಾಗಿರುವುದು ಏಕೆ?

ದಪ್ಪಗಿರುವ ಎಲ್ಲ ಪುಸ್ತಕಗಳೂ ದೊಡ್ಡ ಪುಸ್ತಕಗಳಲ್ಲ. ಕೆಲವು ಬರಿದೇ ಉಬ್ಬಿರುತ್ತವೆ. ನೂರು ಪುಟ ಕಿತ್ತುಹಾಕಿದರೂ ಏನೂ ನಷ್ಟವಾಗದಿದ್ದರೆ ಆ ಪುಸ್ತಕ ನಮ್ಮ ಸಮಯಕ್ಕೆ ತಕ್ಕದ್ದಲ್ಲ. ಹೇಳಬೇಕಾದ ಸಂಗತಿಯೇ ಅಷ್ಟು ಜಾಗವನ್ನು ಕೇಳಿದ ಪುಸ್ತಕಗಳು ಬೇರೆ.

'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಪ್ರಕಟವಾಯಿತು. ಕುವೆಂಪು ಅವರ ಮೊದಲ ಕಾದಂಬರಿ 'ಕಾನೂರು ಹೆಗ್ಗಡಿತಿ' ಬಂದು ಮೂವತ್ತು ವರ್ಷ ಕಳೆದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು ಅದರ ವಸ್ತು. ಪುಟಗಳು ಏಳುನೂರರ ಆಸುಪಾಸು. ಇದರ ನಾಯಕ ಯಾರೆಂದು ಹುಡುಕುವವರಿಗೆ ಉತ್ತರ ಸಿಗುವುದಿಲ್ಲ. ಮುಕುಂದಯ್ಯ ಚಿನ್ನಮ್ಮರಷ್ಟೇ ಅಕ್ಕರೆಯಿಂದ ಐತ ಪೀಂಚಲುವನ್ನೂ ಗುತ್ತಿ ತಿಮ್ಮಿಯನ್ನೂ ಅದು ಹಿಂಬಾಲಿಸುತ್ತದೆ. ಗುತ್ತಿ ಹೆಗ್ಗಡೆಯ ಮನೆಯ ಜೀತದಾಳು, ಹೊಲೆಯರವನು. ಚಿಕ್ಕ ಪುಸ್ತಕವೊಂದರಲ್ಲಿ ಅವನು ಕಾಗದ ತಲುಪಿಸಿ ಮರೆಯಾಗುವ ಆಳಾಗಬಹುದಿತ್ತು. ಇಲ್ಲಿ ಅವನ ದಾರಿ, ಹಸಿವು, ಭಯ, ಒಲವು ಎಲ್ಲಕ್ಕೂ ಜಾಗವಿದೆ. ಗೌಡರಿಗೆ ಸಿಗುವಷ್ಟೇ ಜಾಗ ಆಳಿಗೂ ಸಿಗಬೇಕಾದರೆ ಪುಸ್ತಕ ದೊಡ್ಡದಾಗಲೇಬೇಕು.

ಗುತ್ತಿಯ ಜೊತೆಗೊಂದು ನಾಯಿ ಇದೆ. ಅದರ ಹೆಸರು ಹುಲಿಯ. ಮೊದಲ ಪುಟಗಳಿಂದಲೂ ಅವನ ಹಿಂದೆಮುಂದೆ ಓಡಾಡುತ್ತದೆ. ಕೊನೆಯಲ್ಲಿ, ಮಳೆಗಾಲದ ತುಂಬಿದ ತುಂಗೆಯನ್ನು ದಾಟುವಾಗ ಗುತ್ತಿ ಅದನ್ನು ಕಳೆದುಕೊಳ್ಳುತ್ತಾನೆ. ಕಥಾಸಾರ ಹೇಳುವವರಿಗೆ ಇದು ಅರ್ಧ ಸಾಲಿನ ಸಂಗತಿ. ಪರೀಕ್ಷೆಗೆಂದು ಟಿಪ್ಪಣಿ ಓದಿದ ವಿದ್ಯಾರ್ಥಿಗೂ ಅಷ್ಟೇ. ಆದರೆ ತಿಂಗಳುಗಟ್ಟಲೆ ಆ ನಾಯಿಯ ಜೊತೆ ಕಾಡುದಾರಿಯಲ್ಲಿ ನಡೆದ ಓದುಗರು ಆ ಪುಟದಲ್ಲಿ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತುಕೊಳ್ಳುತ್ತಾರೆ. ಸಾರಾಂಶದಿಂದ ಕಥೆ ತಿಳಿಯಬಹುದು, ಈ ದುಃಖ ತಿಳಿಯುವುದಿಲ್ಲ. ದೊಡ್ಡ ಪುಸ್ತಕಗಳನ್ನು ಬಿಟ್ಟರೆ ನಾವು ಬಿಡುವುದು ಇದನ್ನೇ. ನಮ್ಮವರಲ್ಲದವರ ಜೊತೆ ಬಹುಕಾಲ ಇದ್ದು, ಅವರ ಕಷ್ಟವನ್ನು ನಮ್ಮದೆಂದು ಎಣಿಸುವ ಅಭ್ಯಾಸ ತಪ್ಪಿಹೋಗುತ್ತದೆ.

ಇನ್ನೂ ಕೆಲವು

ಇದೇ ಅಳತೆಗೆ ನಿಲ್ಲುವ ಪುಸ್ತಕಗಳು ಕನ್ನಡದಲ್ಲಿ ಬೇರೆಯೂ ಇವೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕರಾವಳಿಯ ಕೋಡಿ ಎಂಬ ಊರಿನ ಒಂದು ಕುಟುಂಬದ ಮೂರು ತಲೆಮಾರಿನ ಕಥೆ. ಅಜ್ಜ ರಾಮ ಐತಾಳರ ಹೆಸರೇ ಮೊಮ್ಮಗನಿಗೂ ಇದೆ. ಆ ಹೆಸರು ಮತ್ತೆ ಮಣ್ಣಿನ ಕಡೆಗೆ ತಿರುಗುವುದರ ಅರ್ಥವಾಗಲು ನಡುವಿನ ತಲೆಮಾರಿನ ಹಾಳನ್ನೂ ಆ ಮನೆಯ ಹೆಂಗಸರ ದುಡಿಮೆಯನ್ನೂ ಪುಟ ಬಿಡದೆ ನೋಡಿರಬೇಕು. 1957ರಲ್ಲಿ ಬಂದ ರಾವಬಹಾದ್ದೂರರ 'ಗ್ರಾಮಾಯಣ'ದಲ್ಲಿ ಉತ್ತರ ಕರ್ನಾಟಕದ ಒಂದು ಹಳ್ಳಿಯೇ ನಾಯಕ.

ತ.ರಾ.ಸು. ಅವರ 'ದುರ್ಗಾಸ್ತಮಾನ'ದಲ್ಲಿ ಮುಂದೇನಾಗುವುದೆಂಬ ಕುತೂಹಲಕ್ಕೆ ಎಡೆಯೇ ಇಲ್ಲ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತೆಂಬುದು ಎಲ್ಲರಿಗೂ ಗೊತ್ತು. ಅಂಥ ಕೋಟೆ ಒಳಗಿನಿಂದ ಹೇಗೆ ಸಡಿಲವಾಯಿತೆಂಬುದನ್ನು ತಿಳಿಯಲು ಅಷ್ಟೊಂದು ಪುಟಗಳು ಬೇಕಾಗುತ್ತವೆ. ಎಸ್.ಎಲ್. ಭೈರಪ್ಪನವರ 'ಪರ್ವ' (1979) ಮಹಾಭಾರತದಿಂದ ಪವಾಡಗಳನ್ನು ತೆಗೆದು, ಮುಪ್ಪಿನ ಭಯ, ಮಕ್ಕಳ ಸಾವು, ಹಳೆಯ ಸಿಟ್ಟು ಹೊತ್ತ ಮನುಷ್ಯರನ್ನಷ್ಟೇ ಉಳಿಸಿಕೊಂಡಿತು. ಕುಮಾರವ್ಯಾಸನನ್ನು ಕೇಳಿ ಬೆಳೆದವರಿಗೆ ಅದು ಬೇರೊಂದು ಬಾಗಿಲು.

ಜನರಿಗೆ ಈಗ ತಾಳ್ಮೆ ಇಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. 2010ರಲ್ಲಿ ಮೈಸೂರಿನ ರಂಗಾಯಣ ಸಿ. ಬಸವಲಿಂಗಯ್ಯ ಅವರ ನಿರ್ದೇಶನದಲ್ಲಿ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ರಂಗಕ್ಕೆ ತಂದಿತು. ರಾತ್ರಿಯಿಡೀ, ಸುಮಾರು ಒಂಬತ್ತು ಗಂಟೆಗಳ ನಾಟಕ. ಜನ ಕಂಬಳಿ ಹೊದ್ದು ಬೆಳಗಿನವರೆಗೆ ಕುಳಿತು ನೋಡಿದರು. 2021ರಲ್ಲಿ 'ಪರ್ವ' ಕೂಡ ಅಲ್ಲಿಯೇ ದಿನಪೂರ್ತಿಯ ನಾಟಕವಾಯಿತು. ಬಯಲಾಟ ಯಕ್ಷಗಾನಗಳನ್ನು ಬೆಳಗಾಗುವತನಕ ನೋಡಿದ ನಾಡಿಗೆ ಇದು ಹೊಸದೇನಲ್ಲ. ಜೊತೆಗಿಷ್ಟು ಜನರಿದ್ದರೆ ತಾಳ್ಮೆ ತಾನಾಗಿ ಬರುತ್ತದೆ.

ಓದುವುದಕ್ಕೂ ಇದೇ ದಾರಿ. ದಿನಕ್ಕೆ ಇಪ್ಪತ್ತು ಪುಟ ಓದಿದರೆ ಏಳುನೂರು ಪುಟಗಳಿಗೆ ಮೂವತ್ತೈದು ದಿನ ಸಾಕು. ಮೊದಲ ನೂರು ಪುಟಗಳಲ್ಲಿ ಹೆಸರುಗಳು ಗೊಂದಲ ಮಾಡುತ್ತವೆ. ಒಂದು ಚೀಟಿಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಬರೆದಿಟ್ಟುಕೊಂಡರೆ ಆಯಿತು. ಮಲೆನಾಡಿನ ಮಾತು ಕಣ್ಣಿಗೆ ತೊಡಕೆನಿಸಿದರೆ ಗಟ್ಟಿಯಾಗಿ ಓದಿ. ಕಣ್ಣಿಗೆ ಹತ್ತದ ಎಷ್ಟೋ ಮಾತು ಕಿವಿಗೆ ಹತ್ತುತ್ತದೆ. ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ಇನ್ನೂ ಒಳ್ಳೆಯದು. ರಾತ್ರಿ ಊಟದ ನಂತರ ಅರ್ಧ ಗಂಟೆ ಅವರಿಗೆ ಓದಿ ಹೇಳಿ. ನಿಮಗೆ ತಿಳಿಯದ ನಾಲ್ಕು ಮಾತಿಗೆ ಅವರೇ ಅರ್ಥ ಹೇಳಿಯಾರು. ವಾಚನಕ್ಕೆ ನೀವು, ವ್ಯಾಖ್ಯಾನಕ್ಕೆ ಅವರು. ಬರುವ ಮಳೆಗಾಲಕ್ಕೆ ಹೀಗೆ ಒಂದೇ ಒಂದು ಪುಸ್ತಕ ಹಿಡಿದರೂ ಸಾಕು. ಆ ಬಸ್ ಟಿಕೆಟ್ ದಿನವೂ ಒಂದಿಷ್ಟು ಮುಂದೆ ಸರಿಯುತ್ತ ಹೋಗಲಿ.