ಕಿಸೆಯೊಳಗಿನ ಹೊಲ

"ಅಪ್ಪಾ, ಇವತ್ತ ನೀರು ಹಾಕೋದ ಮರ್ತೆ!" ಎಂದು ನನ್ನ ಮಗ ಡೊಂಬಿವಿಲಿಯ ಲೋಕಲ್‌ನಲ್ಲಿ ಕೂಗಿದಾಗ ಪಕ್ಕದವರೆಲ್ಲ ತಿರುಗಿ ನೋಡಿದ್ದರು. 2005ರ ಮಾತು. ಅವನ ಕೈಯಲ್ಲಿದ್ದದ್ದು ಗೇಮ್ ಬಾಯ್ ಅಡ್ವಾನ್ಸ್ ಎಂಬ ಆಟದ ಯಂತ್ರ. ಗಲ್ಫಿನಲ್ಲಿದ್ದ ಸೋದರಮಾವ ತಂದುಕೊಟ್ಟಿದ್ದ. ಎರಡು ಪೆನ್ಸಿಲ್ ಸೆಲ್ಲು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪರದೆ, ಅದರೊಳಗೊಂದು ಹೊಲ. ಗದಗ ಕಡೆಯ ಎರೆಭೂಮಿ ಬಿಟ್ಟು ಮುಂಬಯಿ ಸೇರಿದ ನನಗೆ ಮೊದಲು ನಗು ಬಂತು. ಆ ಆಟ ಹುಟ್ಟಿದ ಕಥೆ ತಿಳಿದ ಮೇಲೆ ನಗು ನಿಂತಿತು.

ಇದನ್ನು ಮಾಡಿದವರು ಯಾಸುಹಿರೊ ವಾಡಾ. ಜಪಾನಿನ ಕ್ಯೂಶು ದ್ವೀಪದ ಮಿಯಾಜಾಕಿ ಸೀಮೆಯಲ್ಲಿ, ಹಳ್ಳಿಗಾಡಿನಲ್ಲಿ ಬೆಳೆದವರು. ಅಲ್ಲಿದ್ದಾಗ ಟೋಕಿಯೊ ಕನಸು, ಟೋಕಿಯೊಗೆ ಬಂದ ಮೇಲೆ ಹಳ್ಳಿಯ ಹಂಬಲ. ನಮ್ಮ ಪೈಕಿಯವರೇ ಅನ್ನಿ. ಬಡಿದಾಟವಿಲ್ಲದ ಆಟವೊಂದನ್ನು ಮಾಡಬೇಕೆಂದು ಹೊರಟಾಗ ಆ ಹಂಬಲವೇ ಅವರಿಗೆ ಸರಕಾಯಿತು. ಆಟ ಕಟ್ಟುತ್ತಿದ್ದ ಕಂಪನಿ ನಡುವೆಯೇ ಮುಳುಗಿತು. ಉಳಿದ ಕೆಲವೇ ಮಂದಿ ಕೂತು ಮುಗಿಸಿದರು. 'ಬೊಕುಜೊ ಮೊನೊಗತಾರಿ', ಅಂದರೆ ದನಕುರಿ ಸಾಕುವ ಜಮೀನಿನ ಕಥೆ, 1996ರ ಆಗಸ್ಟಿನಲ್ಲಿ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಬಂತು. ಅಷ್ಟರಲ್ಲಿ ಅದರ ಮುಂದಿನ ಪೀಳಿಗೆಯ ನಿಂಟೆಂಡೊ 64 ಜಪಾನಿನ ಅಂಗಡಿಗಳಿಗೆ ಬಂದಾಗಿತ್ತು. ಹಂಗಾಮು ಮುಗಿದ ಮೇಲೆ ಬಿತ್ತಿದ ಹಾಗೆ! ಆದರೂ ಮೊಳೆಯಿತು. ಹೊರದೇಶಗಳಲ್ಲಿ 'ಹಾರ್ವೆಸ್ಟ್ ಮೂನ್' ಎಂದು ಹೆಸರಾಯಿತು. 1997ರಲ್ಲಿ ಗೇಮ್ ಬಾಯ್‌ಗೆ, ಅಂದರೆ ಕಿಸೆಗೆ ಇಳಿಯಿತು.

ಮಗ ಆಡುತ್ತಿದ್ದ 'ಫ್ರೆಂಡ್ಸ್ ಆಫ್ ಮಿನರಲ್ ಟೌನ್' 2003ರದ್ದು. ಚಿಕ್ಕಂದಿನಲ್ಲಿ ರಜೆಗೆ ಹೋಗಿದ್ದಾಗ ಪರಿಚಯವಾದ ಮುದುಕನೊಬ್ಬ ತೀರಿಕೊಂಡು, ಅವನ ಹೊಲ ಪಟ್ಟಣದ ಹುಡುಗನ ಪಾಲಿಗೆ ಬರುತ್ತದೆ. ಕಸ, ಕಲ್ಲು ತುಂಬಿ ಬೀಳುಬಿದ್ದ ಹೊಲ. ಕೈಗೆ ಗುದ್ದಲಿ, ಕುಡುಗೋಲು, ಕೊಡಲಿ, ಸುತ್ತಿಗೆ, ನೀರಿನ ಝಾರಿ. ನಾಲ್ಕು ಋತು, ಒಂದೊಂದಕ್ಕೆ 30 ದಿನ. ಆಟದ ಒಂದು ದಿನ ಕಳೆಯಲು ಕೆಲವೇ ನಿಮಿಷ ಸಾಕು, ಲೋಕಲ್‌ನಲ್ಲಿ ಕೂತವರಿಗೆ ಹೇಳಿ ಮಾಡಿಸಿದ್ದು. 1996ರ ಆಟಕ್ಕೆ ಎರಡೂವರೆ ವರ್ಷದ ಗಡುವಿತ್ತು. ಕೊನೆಗೆ ತಂದೆತಾಯಿ ಬಂದು ಮಗನ ಬೇಸಾಯ ನೋಡುತ್ತಿದ್ದರು. ಮಿನರಲ್ ಟೌನಿನಲ್ಲಿ ಗಡುವೇ ಇಲ್ಲ. ಮುಂದೆ ಇದರ ಪ್ರೇರಣೆಯಿಂದಲೇ ಅಮೆರಿಕದ ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ 'ಸ್ಟಾರ್‌ಡ್ಯೂ ವ್ಯಾಲಿ' 2016ರಲ್ಲಿ ಬಂತು, ಜಗತ್ತೆಲ್ಲ ಆಡಿತು.

ನನ್ನನ್ನು ಕಾಡಿದ್ದು ಮಾತ್ರ ಅಲ್ಲಿನ ಮಾರುಕಟ್ಟೆ. ಟರ್ನಿಪ್ ಬೀಜದ ಚೀಲಕ್ಕೆ ಆಟದ ದುಡ್ಡಿನಲ್ಲಿ 120. ಒಂಬತ್ತು ಗುಣಿಗೆ ಆಗುತ್ತದೆ. ಬೆಳೆದ ಗಡ್ಡೆ ಒಂದಕ್ಕೆ 60. ಹೊಲದ ಪೆಟ್ಟಿಗೆಗೆ ಹಾಕಿಟ್ಟರೆ ಸಂಜೆ ಐದಕ್ಕೆ ಝ್ಯಾಕ್ ಎಂಬವನು ಬಂದು ಒಯ್ಯುತ್ತಾನೆ. ಎಷ್ಟು ಹಾಕಿದರೂ ಅದೇ ದರ! ಬೇಸಿಗೆಯಲ್ಲಿ ಉಳ್ಳಾಗಡ್ಡಿಯೂ ಉಂಟು. ಬಿರುಗಾಳಿ ಎದ್ದು ಬೆಳೆ ಹಾಳಾಗಬಹುದು, ಆದರೆ ದಲಾಲಿ ಇಲ್ಲ, ತೂಕದಲ್ಲಿ ಕಡಿತ ಇಲ್ಲ, ಸಾಲದ ಕಂತಿಲ್ಲ. ಊರು ಬಿಟ್ಟವರ ನೆನಪಿನಲ್ಲಿ ಉಳಿಯುವುದು ಮಳೆ, ದನ, ಹಬ್ಬ. ನನಗೂ ಅಷ್ಟೇ, ಸುಳ್ಳು ಯಾಕೆ ಹೇಳಲಿ.

ಆ ವರ್ಷವೇ ಒಂದು ರಾತ್ರಿ ಅಣ್ಣ ಫೋನು ಮಾಡಿದ. "ತಮ್ಮಾ, ಉಳ್ಳಾಗಡ್ಡಿ ಕೀಳಿಸಿದ್ರ ಆಳಿನ ಪಗಾರನೂ ಹುಟ್ಟಂಗಿಲ್ಲ. ಹೊಲದಾಗ ಬಿಟ್ಟೀನಿ. ನಿನ್ನ ಪಾಲಿಂದು ಲಾವಣಿಗೆ ಕೊಡ್ಲೇನು?"

ಪಕ್ಕದಲ್ಲಿ ಆಡುತ್ತ ಕೂತಿದ್ದ ಮಗ ತಲೆ ಎತ್ತಲಿಲ್ಲ. "ದೊಡ್ಡಪ್ಪ ಪೆಟ್ಟಿಗ್ಯಾಗ ಹಾಕ್ಲಿಲ್ಲೇನು?" ಅಂದ.

ಅಣ್ಣನಿಗೆ ಅದು ಕೇಳಿಸಿತೋ ಇಲ್ಲವೋ. ನಾನು "ಕೊಟ್ಟುಬಿಡು" ಅಂದೆ. ಹೊಲ ಇವತ್ತಿಗೂ ಲಾವಣಿಯಲ್ಲೇ ಇದೆ.