ಭೂವಲಯದ ಅಂಕಿಮನೆಗಳು

ವಾಚಕರೇ, ಅಕ್ಷರವೇ ಇಲ್ಲದ ಕನ್ನಡ ಕಾವ್ಯವೊಂದುಂಟು. ಕುಮುದೇಂದು ಮುನಿಯ ‘ಸಿರಿಭೂವಲಯ’ವನ್ನು ತೆರೆದರೆ ಕಾಣುವುದು ಬರಿಯ ಅಂಕಿ. ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳ ಚಕ್ರಗಳು. ಹ್ರಸ್ವ, ದೀರ್ಘ, ಪ್ಲುತ ಸೇರಿ 27 ಸ್ವರ, 33 ವ್ಯಂಜನ, 4 ಯೋಗವಾಹ. ಈ 64 ಧ್ವನಿಗಳಿಗೆ 1ರಿಂದ 64ರವರೆಗಿನ ಅಂಕಿಗಳೇ ಸಂಕೇತ. ಪಂಡಿತ ಯಲ್ಲಪ್ಪಶಾಸ್ತ್ರಿಗಳ ಬಳಿಯಿದ್ದ ಪ್ರತಿಯ ಮೇಲೆ ಕರ್ಲಮಂಗಲಂ ಶ್ರೀಕಂಠಯ್ಯನವರು ದುಡಿದು, 1953ರಲ್ಲಿ ಗ್ರಂಥವು ಬೆಂಗಳೂರಿನಲ್ಲಿ ಅಚ್ಚಾಯಿತು.

ಸಂಕೇತ ತಿಳಿದರೆ ಸಾಲದು. ಎಡದಿಂದ ಬಲಕ್ಕೆ ಓದುತ್ತ ಹೋದರೆ ಪದ್ಯ ಕೂಡಿಬರದು. ಮೊದಲ ಚಕ್ರವನ್ನು ಓದುವ ಹಾದಿಗೆ ಚಕ್ರಬಂಧವೆಂದು ಹೆಸರು. ಮೇಲಿನ ಸಾಲಿನ ನಟ್ಟನಡುವೆ, 14ನೆಯ ಮನೆಯಲ್ಲಿ ಹೊರಡಬೇಕು. ಬಲಕ್ಕೆ ಓರೆಯಾಗಿ ಮೇಲೇರಬೇಕು. ಮೇಲಂಚು ದಾಟಿದರೆ ಅಡಿಯ ಸಾಲಿಗೆ, ಬಲದಂಚು ದಾಟಿದರೆ ಎಡದಂಚಿಗೆ. 27 ಮನೆ ಮುಗಿದೊಡನೆ ನೇರ ಕೆಳಗಿನ ಮನೆ.

ಇದನ್ನೇ 9 ಮನೆಗಳಲ್ಲಿ ನಡೆಸಿ 1ರಿಂದ 9ರವರೆಗೆ ಬರೆಯಿರಿ. ಸಾಲುಗಳು 8, 1, 6. 3, 5, 7. 4, 9, 2 ಎಂದಾಗುತ್ತವೆ. ಯಾವ ಕಡೆ ಕೂಡಿದರೂ 15. ದರೋಜಿಯ ನಮ್ಮ ಹುಡುಗರಿಗೆ ಇದಕ್ಕೆ ಒಂದು ಪಾಟಿ, ಒಂದು ಬಳಪ ಸಾಕು.

ಹಾದಿಯುದ್ದಕ್ಕೂ ನಡೆಯದೆ, ಎಷ್ಟನೆಯ ಅಕ್ಷರ ಯಾವ ಮನೆಯಲ್ಲಿದೆಯೆಂದು ಬೀಜಗಣಿತದಿಂದ ಹೇಳಬಹುದು. ಅಕ್ಷರದ ಕ್ರಮಸಂಖ್ಯೆಯಲ್ಲಿ 1 ಕಳೆಯಿರಿ. ಉಳಿದುದನ್ನು 27ರಿಂದ ಭಾಗಿಸಿ, ಪೂರ್ಣ ಭಾಗಲಬ್ಧವನ್ನು ಬೇರೆ ಇಟ್ಟುಕೊಳ್ಳಿ. 14ಕ್ಕೆ ಆ ಉಳಿದುದನ್ನು ಕೂಡಿ ಭಾಗಲಬ್ಧವನ್ನು ಕಳೆದರೆ ಕಂಬಸಾಲು. 1ರಿಂದ ಆ ಉಳಿದುದನ್ನು ಕಳೆದು ಭಾಗಲಬ್ಧದ ಇಮ್ಮಡಿಯನ್ನು ಕೂಡಿದರೆ ಅಡ್ಡಸಾಲು. ಉತ್ತರ 1ರಿಂದ 27ರೊಳಗೆ ಬರುವ ತನಕ 27ನ್ನು ಕೂಡಬೇಕು, ಇಲ್ಲವೆ ಕಳೆಯಬೇಕು. 28ನೆಯ ಅಕ್ಷರಕ್ಕೆ ಉಳಿದುದು 27, ಭಾಗಲಬ್ಧ 1. ಕಂಬಸಾಲು 40, ಎಂದರೆ 13. ಅಡ್ಡಸಾಲು ಋಣ 24, ಎಂದರೆ 3. ಬೆರಳಿಟ್ಟು ಎಣಿಸಿ ನೋಡಿರಿ.

ಇಂಥ ಚೌಕಗಳ ಗಣಿತಕ್ಕೆ ನಾರಾಯಣ ಪಂಡಿತನು 1356ರ ‘ಗಣಿತಕೌಮುದಿ’ಯಲ್ಲಿ ‘ಭದ್ರಗಣಿತ’ವೆಂಬ ಅಧ್ಯಾಯವನ್ನೇ ಮೀಸಲಿಟ್ಟನು. 1687ರಲ್ಲಿ ಸಿಯಾಮಿಗೆ ಹೋಗಿದ್ದ ಫ್ರೆಂಚ್ ರಾಯಭಾರಿ ಲೂಬೇರನು ಮೇಲೆ ಹೇಳಿದ ಓರೆನಡೆಯನ್ನು ಯೂರೋಪಿಗೆ ಒಯ್ದನು. ಅಲ್ಲಿ ಅದಕ್ಕೆ ಸಿಯಾಮಿನ ಹೆಸರೇ ನಿಂತಿತು.

ಹಾದಿ ಸರಿಯಾಗಿದೆಯೆಂದ ಮಾತ್ರಕ್ಕೆ ಕಾವ್ಯವು 9ನೆಯ ಶತಮಾನದ್ದು, ಕವಿಯು ಅಮೋಘವರ್ಷ ನೃಪತುಂಗನ ಗುರು ಎಂಬ ಮಾತು ಸಿದ್ಧವಾಗದು. ಅಭಿಮಾನಿಗಳು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಕಾವ್ಯದ ಛಂದಸ್ಸು ಸಾಂಗತ್ಯ. ಸಾಂಗತ್ಯದಲ್ಲಿ ನಮಗೆ ದೊರೆತಿರುವ ಮೊದಲ ಕೃತಿಗಳು ಶಿಶುಮಾಯಣನವು, 13ನೆಯ ಶತಮಾನದವು. ನೃಪತುಂಗನ ಕಾಲದ ‘ಕವಿರಾಜಮಾರ್ಗ’ದ ಹಳಗನ್ನಡವನ್ನು ಮಗ್ಗುಲಲ್ಲಿಟ್ಟು ಓದಿರಿ, ಭೂವಲಯದ ನುಡಿ ಅದರಿಂದ ಬಹಳ ದೂರ ಬಂದಿದೆ.