ಅಂಗೈಯಲ್ಲಿ ನರಸಿಂಹ

ನಮ್ಮ ಶಾಂತಿಗ್ರಾಮಕ್ಕೆ ಹೆಸರು ಬಂದದ್ದು ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆಯಿಂದ ಎನ್ನುತ್ತಾರೆ. ಆತ 1116ರ ಸುಮಾರಿಗೆ ಚೋಳರಿಂದ ತಲಕಾಡು ಗೆದ್ದು, ‘ಶ್ರೀ ತಲಕಾಡುಗೊಂಡ’ ಎಂದು ಕನ್ನಡದಲ್ಲೇ ಬರೆಸಿ ಚಿನ್ನದ ನಾಣ್ಯ ಹೊರಡಿಸಿದ. ಅದರ ಬೆಲೆ ನನ್ನ ಪಿಂಚಣಿಗೆ ನಿಲುಕದು. ನಾನು ಕೊಂಡದ್ದು ಮೈಸೂರಿನ ಕಂಠೀರವ ನರಸರಾಜ ಒಡೆಯರು (ಆಳ್ವಿಕೆ 1638–1659) ಆರಂಭಿಸಿದ ‘ಕಂಠೀರಾಯಿ ಹಣ’ ಎಂಬ ಚಿನ್ನದ ನಾಣ್ಯ. ಅವರೆಕಾಳಿಗಿಂತ ಚಿಕ್ಕದು, ತೂಕ ಅರ್ಧ ಗ್ರಾಮೂ ಇಲ್ಲ. ಭೂತಗನ್ನಡಿ ಹಿಡಿದರೆ ಕುಳಿತ ನರಸಿಂಹ ಕಾಣುತ್ತಾನೆ. ಊರಿನ ಭೋಗನರಸಿಂಹನನ್ನು ನೋಡುತ್ತಲೇ ಬೆಳೆದ ನನಗೆ ಅಷ್ಟೇ ಸಾಕಾಯಿತು.

ಮೊದಲ ಸಲ ಮೋಸಹೋಗಿದ್ದೆ: ಚಿನ್ನದ ಮುಲಾಮು ಹಾಕಿದ ತಾಮ್ರ. ಅಂದಿನಿಂದ ತೂಕ ಹಾಕಿಸಿ, ಚಿನ್ನದ ಬೆಲೆ ಲೆಕ್ಕಹಾಕಿ, ಅದರ ಮೇಲೆ ಎಷ್ಟು ಕೊಡಬಹುದೆಂದು ಮನೆಯಲ್ಲೇ ನಿಶ್ಚಯಿಸಿ ಹೊರಡುತ್ತೇನೆ. ಹೊಲದಲ್ಲಿ ಸಿಕ್ಕಿತೆಂದು ಯಾರಾದರೂ ತಂದರೆ ಮಾತ್ರ ಬಿಡಿಗಾಸೂ ಕೊಡಬೇಡಿ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬುದು ಕಾನೂನು.